ಮೆಡಿಕೇರ್ ಬೇಕು, ಒಬಾಮಾಕೇರ್ ಬೇಡ ಅನ್ನೋ ಹಿರಿಯರಿಗೆ ಏನಂತ ಉತ್ತರ ಕೊಡೋದು?

ಎಡಿಸನ್_ಕನ್ನಡಿಗ
ತಲೆ ಬಿಸಿಯಾಗಿದೆ, ಅದಕ್ಕೇ ಇಲ್ಲಿ ಹಾಕ್ತಿದೀನಿ. ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರವೇ ನಡೆಸೋ ವಿಮೆ ಇದೆ, ಮೆಡಿಕೇರ್. ಅದನ್ನ ಮುಟ್ಟಿದ್ರೆ ಹಿರಿಯರು ಬೀದಿಗಿಳೀತಾರೆ. ಆದ್ರೆ ಅದೇ ಸರ್ಕಾರ ಒಬಾಮಾ ಕಾಲದ ಕಾನೂನಿಂದ, ಅಂದ್ರೆ ಒಬಾಮಾಕೇರ್‌ನಿಂದ, ಬೇರೆಯವರಿಗೆ ವಿಮೆ ಕೊಡಿಸ್ತೀನಿ ಅಂದ್ರೆ ಬೇಡ ಅನ್ನೋರೂ ಅವರಲ್ಲಿ ಎಷ್ಟೋ ಜನ. ಯಾಕೆ?

ನಮ್ಮ ಕೂಟದಲ್ಲೊಬ್ಬರು ಅಂಕಲ್ ಇದಾರೆ. ರಿಟೈರ್ಡ್ ಇಂಜಿನಿಯರ್, ಎರಡು ಸ್ಟೆಂಟ್ ಹಾಕಿಸ್ಕೊಂಡಿದಾರೆ, ಬಿಲ್ಲಿನ ಬಹುಪಾಲು ಮೆಡಿಕೇರೇ ಕಟ್ಟಿದ್ದು. ಮೊನ್ನೆ ಶಟ್‌ಡೌನ್ ಮಾತು ಬಂದಾಗ ನಮ್ಮಪ್ಪನ ಎದುರಿಗೇ "ಈ ಸಬ್ಸಿಡಿ ಎಲ್ಲ ಬಿಟ್ಟಿ ಕೂಳು ಕಣ್ರೀ, ನಿಲ್ಲಿಸಬೇಕು" ಅಂದ್ರು. ಅಪ್ಪ-ಅಮ್ಮಂಗೆ ಗ್ರೀನ್ ಕಾರ್ಡ್ ಬಂದು ಇನ್ನೂ ಐದು ವರ್ಷ ಆಗಿಲ್ಲ, ಹಾಗಾಗಿ ಮೆಡಿಕೇರ್ ಸಿಗಲ್ಲ. ಇಬ್ಬರೂ ನನ್ನ ಟ್ಯಾಕ್ಸ್‌ನಲ್ಲಿ ಡಿಪೆಂಡೆಂಟ್, ಒಬಾಮಾಕೇರ್ ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದ್ರೆ ಖಾಸಗಿ ಕಂಪನಿಗಳು ವಿಮೆ ಮಾರೋ ಸರ್ಕಾರಿ ಸಂತೆಯಲ್ಲಿ, ಪ್ಲಾನ್ ತಗೊಂಡಿದೀವಿ. ಪ್ರೀಮಿಯಂ ತಗ್ಗಿಸೋಕೆ ಸರ್ಕಾರ ಕೊಡ್ತಿದ್ದ ಹೆಚ್ಚುವರಿ ಸಬ್ಸಿಡಿ 2025ರ ಡಿಸೆಂಬರ್ ಕೊನೆಗೆ ಮುಗೀತು. 2025ರಲ್ಲಿ 43 ದಿನ ಸರ್ಕಾರ ಬಾಗಿಲು ಹಾಕಿದ್ದೂ ಇದೇ ಜಗಳಕ್ಕೆ, ಆದ್ರೂ ಆಗ ಏನೂ ಬಗೆಹರೀಲಿಲ್ಲ. ಅಪ್ಪ ಮನೆಗೆ ಬಂದು "ನಾನು ಯಾರ ಬಿಟ್ಟಿ ಕೂಳು ತಿಂತಿದೀನೋ?" ಅಂತ ಕೇಳಿದ್ರು.

ಫಿಲ್ಟರ್_ಕಾಫಿ
ಅಂಕಲ್ ಜೇಬಲ್ಲಿರೋ ಕೆಂಪು-ಬಿಳಿ-ನೀಲಿ ಮೆಡಿಕೇರ್ ಕಾರ್ಡು ಎಲ್ಲಿಂದ ಬಂತಂತೆ? ತಿರುಪತಿ ಪ್ರಸಾದವಾ?

ಹ್ಯೂಸ್ಟನ್_ಗೌಡ
ಅಂಕಲ್ ಪರ ಒಬ್ಬರಾದ್ರೂ ಮಾತಾಡ್ಬೇಕಲ್ಲ, ನಾನೇ ಆಡ್ತೀನಿ. ಅವರು ಮೂವತ್ತು-ನಲವತ್ತು ವರ್ಷ ಸಂಬಳದಿಂದ ನೂರಕ್ಕೆ 1.45 ಕಟ್ಟಿದಾರೆ, ಕಂಪನಿ ಇನ್ನೊಂದು 1.45 ಕಟ್ಟಿದೆ. ಅದು ಅವರ ದುಡ್ಡು. ನಿಮ್ಮ ತಂದೆ-ತಾಯಿ ಈ ದೇಶದಲ್ಲಿ ಒಂದು ದಿನ ಕೆಲಸ ಮಾಡಿಲ್ಲ. ಕರೆಸ್ಕೊಂಡಿದ್ದು ನೀವು, ನೋಡ್ಕೊಳ್ತೀನಿ ಅಂತ ಐ-864 ಅನ್ನೋ ಫಾರ್ಮ್‌ಗೆ ಸಹಿ ಹಾಕಿದ್ದೂ ನೀವು. ಈಗ ನೆರೆಮನೆಯವರ ಟ್ಯಾಕ್ಸ್‌ನಿಂದ ಪ್ರೀಮಿಯಂ ಕಟ್ಟಿ ಅಂದ್ರೆ ಬೇಜಾರಾಗುತ್ತೆ ತಾನೆ? ಕಟುವಾಯ್ತು ಅನ್ಸಿದ್ರೂ ಪ್ರಶ್ನೆ ನ್ಯಾಯವಾದ್ದೇ.

ಲೆಕ್ಕದ_ಮೇಷ್ಟ್ರು
ಗೌಡ್ರೇ, ಅರ್ಧ ಲೆಕ್ಕ ಹೇಳಿದ್ರಿ. ಆ 1.45 ಹೋಗೋದು ಪಾರ್ಟ್ ಎ ನಿಧಿಗೆ, ಅಂದ್ರೆ ಆಸ್ಪತ್ರೆಗೆ ಅಡ್ಮಿಟ್ ಆದಾಗಿನ ಖರ್ಚಿಗೆ. ಡಾಕ್ಟರ್ ಫೀಸು, ಸ್ಕ್ಯಾನ್, ಹೊರರೋಗಿ ಚಿಕಿತ್ಸೆ ಎಲ್ಲ ಪಾರ್ಟ್ ಬಿ. ಅದಕ್ಕೆ ಹಿರಿಯರು ಕಟ್ಟೋ ಪ್ರೀಮಿಯಂ 2026ಕ್ಕೆ ತಿಂಗಳಿಗೆ 202.90 ಡಾಲರ್, 2025ರಲ್ಲಿ 185 ಇತ್ತು. ಕಾನೂನು ಈ ಪ್ರೀಮಿಯಂ ಇಟ್ಟಿರೋದೇ ಖರ್ಚಿನ ಸುಮಾರು ಕಾಲು ಭಾಗಕ್ಕೆ. ಉಳಿದ ಮುಕ್ಕಾಲು ಎಲ್ಲಿಂದ? ಹೆಚ್ಚಾಗಿ ಸಾಮಾನ್ಯ ತೆರಿಗೆಯಿಂದ. ಅಂದ್ರೆ ಎಡಿಸನ್ ಅವರು ಕಟ್ಟೋ ತೆರಿಗೆಯಿಂದ್ಲೂ ಅಂಕಲ್ ಹೃದಯದ ಡಾಕ್ಟ್ರಿಗೆ ಫೀಸು ಹೋಗ್ತಿದೆ. ಬಿಟ್ಟಿ ಅನ್ನೋದಾದ್ರೆ ಎಲ್ಲರದ್ದೂ ಅನ್ನಿ.

ಹ್ಯೂಸ್ಟನ್_ಗೌಡ
ವರಮಾನ ಜಾಸ್ತಿ ಇರೋರು ಪಾರ್ಟ್ ಬಿಗೆ ಜಾಸ್ತಿ ಕಟ್ತಾರೆ ಸ್ವಾಮಿ, ಅದನ್ನೂ ಹೇಳಿ. ನಮ್ಮ ಅತ್ತಿಗೆ ಮನೆ ಮಾರಿದ ವರ್ಷದ ವರಮಾನ ನೋಡಿ ಎರಡು ವರ್ಷ ಆದ್ಮೇಲೆ ಪ್ರೀಮಿಯಂ ಏರಿಸಿದ್ರು.

ಲೆಕ್ಕದ_ಮೇಷ್ಟ್ರು
ಹೌದು, ಆದ್ರೆ ಅಂಥವರು ಹತ್ತರಲ್ಲಿ ಒಬ್ಬರೂ ಇಲ್ಲ. ಮತ್ತೆ ಆ ಪಾರ್ಟ್ ಎ ನಿಧಿ ಇದೆಯಲ್ಲ, ಹೀಗೇ ನಡೆದ್ರೆ 2033ಕ್ಕೆ ಬರಿದಾಗುತ್ತೆ ಅಂತ ಅದರ ಟ್ರಸ್ಟಿಗಳೇ 2025ರ ವರದಿಯಲ್ಲಿ ಬರೆದಿದಾರೆ. ಆಮೇಲೂ ಸಂಬಳದ ತೆರಿಗೆ ಬರ್ತಾನೇ ಇರುತ್ತೆ, ಪೂರ್ತಿ ನಿಂತುಹೋಗಲ್ಲ. ಆದ್ರೆ ಬಿಲ್ ಪೂರಾ ಕಟ್ಟೋಕೆ ಸಾಲಲ್ಲ.

ಹಳೇ_ಪೇಪರ್
ಮೂಲ ಪ್ರಶ್ನೆ "ಯಾಕೆ" ಅಂತಲ್ವಾ? ಇದು ನಿನ್ನೆ ಮೊನ್ನೆಯ ಜಗಳ ಅಲ್ಲ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇದ್ದೋರು ಓದಿ.

1965ರ ಜುಲೈ 30ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೇ ಹೋಗಿ ಮೆಡಿಕೇರ್‌ಗೆ ಸಹಿ ಹಾಕಿದ್ರು. ಮೊದಲ ಕಾರ್ಡು ಆ ಊರಿನವರೇ ಆದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ. ಟ್ರೂಮನ್ ಕೇಳಿದ್ದು ಎಲ್ಲ ವಯಸ್ಸಿನವರಿಗೂ ವಿಮೆ. ಅದು ಆಗಲಿಲ್ಲ, ಅಮೆರಿಕದ ವೈದ್ಯರ ಸಂಘವೇ ಮುರಿದು ಹಾಕ್ತು. ಕೊನೆಗೆ ಮುದುಕರಿಗಾದ್ರೂ ಆಗ್ಲಿ ಅಂತ ಉಳಿದ ತುಂಡೇ ಮೆಡಿಕೇರ್. 65ರ ಗೆರೆ ಹುಟ್ಟಿದ್ದು ಹೀಗೆ, ರಾಜಿಯಿಂದ. ಇವತ್ತು ಗೆರೆಯ ಈಚೆ ನಿಂತವರು, ಆಚೆ ನಿಂತವರು ಅಂತ ನಾವು ಕಚ್ಚಾಡ್ತಿದೀವಿ.

ಎರಡನೇ ಕಥೆ ಇನ್ನೂ ಮಜಾ. 1988ರಲ್ಲಿ ರೇಗನ್ ಕಾಲದಲ್ಲೇ ಮೆಡಿಕೇರ್‌ಗೆ ದೊಡ್ಡ ಕಾಯಿಲೆಗಳ ರಕ್ಷಣೆ ಸೇರಿಸಿದ್ರು. ಆಸ್ಪತ್ರೆ ಖರ್ಚಿಗೊಂದು ಮಿತಿ, ಔಷಧಿಗೂ ಸಹಾಯ. ಹಿರಿಯರ ದೊಡ್ಡ ಸಂಘಟನೆ ಎಎಆರ್‌ಪಿ ಬೆಂಬಲಿಸ್ತು. ಒಂದೇ ತೊಡಕು, ದುಡ್ಡು ಹಿರಿಯರಿಂದ್ಲೇ ವಸೂಲಿ, ವರಮಾನ ಹೆಚ್ಚಿದ್ದವರಿಗೆ 1989ರಲ್ಲಿ ಒಬ್ಬೊಬ್ಬರಿಗೆ 800 ಡಾಲರ್ ತನಕ ಹೆಚ್ಚುವರಿ ತೆರಿಗೆ. ಆ ವರ್ಷ ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಡ್ಯಾನ್ ರೊಸ್ಟೆನ್‌ಕೌಸ್ಕಿ ಅನ್ನೋ ಘಟಾನುಘಟಿ ಸಂಸದರ ಕಾರನ್ನ ಅಜ್ಜ-ಅಜ್ಜಿಯರು ಮುತ್ತಿಗೆ ಹಾಕಿದ್ರು. ಬಾನೆಟ್ ಮೇಲೆ ಬಡಿದ್ರು. ಆತ ಇಳಿದು ಓಡಬೇಕಾಯ್ತು, ಟಿವಿಯಲ್ಲಿ ದೇಶವೆಲ್ಲ ನೋಡ್ತು. ವರ್ಷ ಮುಗಿಯೋದರೊಳಗೆ ಕಾನೂನೇ ರದ್ದು.

ಅಲ್ಲಿಂದ ವಾಷಿಂಗ್ಟನ್‌ನವರು ಕಲಿತಿದ್ದು ಒಂದೇ, ಹಿರಿಯರಿಗೆ ಕೊಡಿ, ಆದ್ರೆ ಅವರ ಹತ್ರ ಕೇಳಬೇಡಿ. 2003ರಲ್ಲಿ ಬುಷ್ ಔಷಧಿಗೆ ಪಾರ್ಟ್ ಡಿ ತಂದಾಗ ಹೊಸ ತೆರಿಗೆ ಇಲ್ಲವೇ ಇಲ್ಲ. ಮೇಲಿಂದ, ಸರ್ಕಾರ ಔಷಧಿ ಕಂಪನಿಗಳ ಜೊತೆ ಬೆಲೆ ಚೌಕಾಸಿ ಮಾಡಬಾರದು ಅಂತ ಕಾನೂನಲ್ಲೇ ಬರೆದ್ರು!

ಫಿಲ್ಟರ್_ಕಾಫಿ
ಬಾನೆಟ್ ಬಡಿದ ಅಜ್ಜಿಯರಿಗೆ ನನ್ನದೊಂದು ಸಲಾಂ 😂

ದಾವಣಗೆರೆ_ಬೆಣ್ಣೆ
2009ರ ಒಬಾಮಾಕೇರ್ ಜಗಳ ಬಿಟ್ರಲ್ಲ ಹಳೇ ಪೇಪರ್ ಸಾರ್. ನಾನು ಆಗ ಸೌತ್ ಕೆರೊಲಿನಾದಲ್ಲಿ ಓದ್ತಿದ್ದೆ. ಅಲ್ಲಿನ ಸಂಸದ ಬಾಬ್ ಇಂಗ್ಲಿಸ್ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಸರ್ಕಾರ ನನ್ನ ಮೆಡಿಕೇರ್‌ಗೆ ಕೈ ಹಾಕಬಾರದು ಅಂದಿದ್ದು ದೇಶಾದ್ಯಂತ ಸುದ್ದಿಯಾಯ್ತು. ಸ್ವಾಮಿ, ಅದನ್ನ ನಡೆಸ್ತಿರೋದೇ ಸರ್ಕಾರ ಅಂತ ಆತ ಹೇಳಿದ್ರೂ ಅವರು ಒಪ್ಪಲಿಲ್ಲ. ನಮ್ಮ ಪ್ರೊಫೆಸರ್ ಮರುದಿನ ಕ್ಲಾಸಲ್ಲಿ ಪಾಠ ಬಿಟ್ಟು ಅದನ್ನೇ ಮಾತಾಡಿದ್ರು.

ಹ್ಯೂಸ್ಟನ್_ಗೌಡ
ಆ ಕಥೆ ಹೇಳಿ ಎಲ್ಲರೂ ನಗ್ತೀರಿ. ಆದ್ರೆ ಒಬಾಮಾಕೇರ್‌ಗೆ ದುಡ್ಡು ಹೊಂದಿಸೋಕೆ ಮೆಡಿಕೇರ್ ಖರ್ಚಿನ ಏರಿಕೆಗೆ ಕತ್ತರಿ ಹಾಕಿದ್ದು ನಿಜ ತಾನೆ? 2012ರ ಚುನಾವಣೆ ತುಂಬ 716 ಬಿಲಿಯನ್ ಡಾಲರ್ ಕತ್ತರಿ ಅಂತ ಅದೇ ಮಾತು. ಮುದುಕರಿಗೆ ಹೆದರಿಕೆಯಾದ್ರೆ ಅದು ಪೆದ್ದುತನ ಅಲ್ಲ.

ಹಳೇ_ಪೇಪರ್
ಕತ್ತರಿ ಬಿದ್ದಿದ್ದು ಆಸ್ಪತ್ರೆಗಳಿಗೂ, ಮೆಡಿಕೇರ್ ಅಡ್ವಾಂಟೇಜ್ ಅನ್ನೋ ಖಾಸಗಿ ಪ್ಲಾನ್ ನಡೆಸೋ ಕಂಪನಿಗಳಿಗೂ ಕೊಡೋ ದರಕ್ಕೆ. ಹಿರಿಯರಿಗೆ ಸಿಗೋ ಸೌಲಭ್ಯದ ಪಟ್ಟಿಗಲ್ಲ. ಮೊಳಕಾಲು ಆಪರೇಷನ್ ಕೈಬಿಡಲಿಲ್ಲ, ಇನ್ನೂ ಕೆಲವು ತಪಾಸಣೆ ಪುಕ್ಕಟೆಯಾಯ್ತು, ಪಾರ್ಟ್ ಡಿಯಲ್ಲಿದ್ದ "ಡೋನಟ್ ತೂತು" (ನಡುವೆ ಔಷಧಿ ಖರ್ಚು ರೋಗಿ ತಲೆಗೇ ಬೀಳ್ತಿದ್ದ ಹಂತ) 2020ರ ಹೊತ್ತಿಗೆ ಮುಚ್ಚಿತು. 716 ಅಂತ ಒಬಾಮಾರನ್ನ ಬೈದ ರಿಪಬ್ಲಿಕನ್ ನಾಯಕ ಪಾಲ್ ರಯಾನ್ ತಮ್ಮ ಬಜೆಟ್ ಯೋಜನೆಯಲ್ಲಿ ಅದೇ ಉಳಿತಾಯವನ್ನ ಇಟ್ಕೊಂಡಿದ್ರು, ಅದನ್ನೂ ನೆನಪಿಡಿ.

ನರ್ಸಕ್ಕ
2009ರ ಮಾತು ಬಂದ್ರೆ ನಂಗೆ ಸಿಟ್ಟು ಬರೋದು "ಡೆತ್ ಪ್ಯಾನೆಲ್" ವಿಷಯಕ್ಕೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ರೋಗಿ ಇಷ್ಟಪಟ್ಟು ಡಾಕ್ಟ್ರ ಜೊತೆ ಮಾತಾಡಿದ್ರೆ ಆ ಸಮಯಕ್ಕೆ ಮೆಡಿಕೇರ್ ಫೀಸು ಕೊಡುತ್ತೆ ಅಂತ ಒಬಾಮಾಕೇರ್ ಮಸೂದೆಯಲ್ಲೊಂದು ಕಲಮು ಇತ್ತು. ಅಷ್ಟೇ. ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನಲ್ಲಿ ಅದಕ್ಕೆ ಯಮಲೋಕದ ಕಮಿಟಿ ಥರ ಬಣ್ಣ ಹಚ್ಚಿದ್ರು, ಕಲಮು ಹೋಯ್ತು. 2016ರಿಂದ ಸದ್ದಿಲ್ಲದೆ ಅದೇ ಮಾತುಕತೆಗೆ ಮೆಡಿಕೇರ್ ದುಡ್ಡು ಕೊಡ್ತಿದೆ. ಯಾರನ್ನೂ ಯಾವ ಕಮಿಟಿಯೂ ಕೊಂದಿಲ್ಲ.

ಐಸಿಯುನಲ್ಲಿ ಕೆಲಸ ಮಾಡೋಳು ನಾನು. ನಮ್ಮ ಜನರ ಮನೆಗಳಲ್ಲಿ ಈ ಮಾತು ಎತ್ತೋದೇ ಅಪಶಕುನ. "ಬಿಡ್ತು ಅನ್ನಮ್ಮ" ಅಂತಾರೆ. ಆಮೇಲೆ ತಂದೆ ವೆಂಟಿಲೇಟರ್ ಮೇಲಿರ್ತಾರೆ, ಒಬ್ಬ ಮಗ ಡಲ್ಲಾಸ್‌ನಿಂದ ಫೋನಲ್ಲಿ ತೆಗೀಬೇಡಿ ಅಂತಾನೆ, ಮಗಳು ಹಾಸಿಗೆ ಪಕ್ಕ ನಿಂತು ಸಾಕು ಅಂತಾಳೆ, ತಾಯಿಗೆ ಇಂಗ್ಲಿಷ್ ಬರಲ್ಲ, ನಾನು ಇಂಟರ್‌ಪ್ರಿಟರ್ ಬರೋ ತನಕ ಕನ್ನಡದಲ್ಲಿ ಸಮಾಧಾನ ಹೇಳ್ತಾ ನಿಂತಿರ್ತೀನಿ. ಹೆಲ್ತ್ ಕೇರ್ ಪ್ರಾಕ್ಸಿ ಅಂತ ಒಂದು ಫಾರ್ಮ್ ಇದೆ, ನಮಗೆ ಮಾತಾಡೋಕಾಗದಾಗ ನಮ್ಮ ಪರ ಯಾರು ತೀರ್ಮಾನ ಮಾಡಬೇಕು ಅಂತ ಬರೆದಿಡೋದು. ತುಂಬಿಸಿಡಿ. ಒಬಾಮಾ ಪರ ಇದ್ರೂ ಇಡಿ, ವಿರೋಧ ಇದ್ರೂ ಇಡಿ.

ಮಲೆನಾಡ_ಮಳೆ
ನರ್ಸಕ್ಕ, ಇದನ್ನ ಪಿನ್ ಮಾಡಿ ಯಾರಾದ್ರೂ.

ಧಾರವಾಡ_ಪೇಢಾ
ನೀವೆಲ್ಲಾ 65ರ ಮ್ಯಾಲಿನವರ ಬಗ್ಗೆನೇ ಮಾತಾಡಾಕತ್ತೀರಿ. ನಡುವ ಸಿಕ್ಕೊಂಡವ್ರ ಗತಿ ಏನ್ರೀ? ನಂಗ 62, ನಮ್ಮ ಮನಿಯವ್ರಿಗೆ 61. ಕಂಪನಿ ಮನಿಗೆ ಕಳಿಸ್ತು. ಈಗ ಸಣ್ಣ ಕನ್ಸಲ್ಟಿಂಗ್ ಮಾಡ್ಕೊಂಡ ಇದ್ದೀನಿ, ವಿಮೆ ಮಾರ್ಕೆಟ್‌ಪ್ಲೇಸ್‌ದಾಗ. ನಮ್ಮ ವಯಸ್ಸಿನವ್ರಿಗೆ ಹುಡುಗ್ರ ಮೂರು ಪಟ್ಟಿನ ತನಕ ಪ್ರೀಮಿಯಂ ಹಾಕಬಹುದು ಅಂತ ಕಾಯ್ದೆದಾಗ ಐತಿ. 2025ರ ತನಕ ಹೆಚ್ಚುವರಿ ಸಬ್ಸಿಡಿ ಇದ್ದದ್ದಕ್ಕ, ಸಬ್ಸಿಡಿ ಲೆಕ್ಕಕ್ಕ ಹಿಡಿಯೋ ಮಾದರಿ ಪ್ಲಾನಿಗೆ ವರಮಾನದ ನೂರಕ್ಕ ಎಂಟೂವರಿ ಮ್ಯಾಲ ಕಟ್ಟಬೇಕಾಗ್ತಿರಲಿಲ್ಲ. 2026ರ ಜನವರಿಂದ ಇಬ್ಬರ ಮನಿಗೆ ವರಮಾನದ ಗೆರಿ 84,600 ಡಾಲರ್. ಅದ್ರಕಿಂತ ಒಂದು ಡಾಲರ್ ಜಾಸ್ತಿ ಗಳಿಸಿದ್ರ ಸಬ್ಸಿಡಿ ಪೂರ್ತಿ ಸೊನ್ನಿ!

ಹಿಂಗಾಗಿ ಈಗ ಕುಂತು, ವರ್ಷಕ್ಕ ಎಷ್ಟು ಕೆಲಸ ಒಪ್ಕೋಬೇಕು, ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕಾಕತ್ತೀನಿ. ದುಡಿಯೋ ತಾಕತ್ತಿದ್ದವನ ಕೈ ಕಟ್ಟಿ ಹಾಕೋ ಕಾಯ್ದೆ ಯಾವ ಸೀಮಿ ಸುಧಾರಣಾರೀ ಇದು?

ಹ್ಯೂಸ್ಟನ್_ಗೌಡ
ಪೇಢಾ ಅವರೇ, ಇದನ್ನೇ ನಾನೂ ಹೇಳೋದು. ಕಾನೂನೇ ಸೊಟ್ಟ. ಸಬ್ಸಿಡಿ ಸುರಿದು ಪ್ರೀಮಿಯಂ ಮುಚ್ಚಿಟ್ರು, ಪ್ರೀಮಿಯಂ ಯಾಕೆ ಇಷ್ಟು ಅಂತ ಯಾರೂ ಕೇಳಲಿಲ್ಲ.

ಧಾರವಾಡ_ಪೇಢಾ
ಅದು ಖರೇ. ಆದ್ರ ಒಬಾಮಾಕೇರ್ ಇಲ್ಲದ ಕಾಲದಾಗ ನಮ್ಮ ಮನಿಯವ್ರ ಥೈರಾಯ್ಡ್ ನೋಡಿ ಒಬ್ಬನೂ ಪಾಲಿಸಿ ಕೊಟ್ಟಿದ್ದಿಲ್ಲ. 2014ರಿಂದ ಹಳೇ ಕಾಯಿಲೆ ಅಂತ ಹೇಳಿ ಹೊರಗ ಹಾಕಂಗಿಲ್ಲ. ಅದನ್ನ ನಾ ಮರೆಯಾಂಗಿಲ್ರೀ.

ಎಚ್‌ಒನ್_ಹುಡುಗ
ಒಂದು ಹೊಟ್ಟೆಕಿಚ್ಚಿನ ಪ್ರಶ್ನೆ. ನಾನು ಎಚ್‌-1ಬಿ ಕೆಲಸದ ವೀಸಾದಲ್ಲಿದೀನಿ. ಪ್ರತಿ ಪೇಚೆಕ್‌ನಲ್ಲೂ ಮೆಡಿಕೇರ್ ತೆರಿಗೆ ಕಟ್ ಆಗುತ್ತೆ. ಗ್ರೀನ್ ಕಾರ್ಡ್ ಸಾಲು ನೋಡಿದ್ರೆ ನಂಗೆ ಬರೋ ಹೊತ್ತಿಗೆ ಮೊಮ್ಮಕ್ಕಳಿರ್ತಾರೆ. ವಾಪಸ್ ಹೋದ್ರೆ ಈ ದುಡ್ಡು?

ಲೆಕ್ಕದ_ಮೇಷ್ಟ್ರು
ಗೋವಿಂದ. ಭಾರತ-ಅಮೆರಿಕ ನಡುವೆ ಸಾಮಾಜಿಕ ಭದ್ರತೆ ಒಪ್ಪಂದ ಇಲ್ಲ, ಹಾಗಾಗಿ ಇಲ್ಲಿ ಕಟ್ಟಿದ್ದು ಅಲ್ಲಿಗೆ ಸೇರಲ್ಲ. 40 ಕ್ರೆಡಿಟ್, ಅಂದ್ರೆ ಸುಮಾರು ಹತ್ತು ವರ್ಷದ ದುಡಿಮೆ ಆದ್ರೆ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗುತ್ತೆ. ಆದ್ರೆ ಮೆಡಿಕೇರ್ ಅಮೆರಿಕದ ಹೊರಗೆ ಹೆಚ್ಚುಕಮ್ಮಿ ಏನೂ ಕೊಡಲ್ಲ. ಮೈಸೂರಲ್ಲಿ ಬಿದ್ದು ಸೊಂಟ ಮುರಿದ್ರೆ ಆ ಕಾರ್ಡು ಪರ್ಸಲ್ಲಿ ಇರೋಕೆ ಚಂದ.

ಎಚ್‌ಒನ್_ಹುಡುಗ
ಅಂದ್ರೆ ಗೌಡ್ರ ಲೆಕ್ಕದಲ್ಲಿ ಅಂಕಲ್ ಸ್ಟೆಂಟ್‌ಗೆ ದುಡ್ಡು ಕೊಟ್ಟಿದ್ದು ನಾನು. ಅಂಕಲ್‌ಗೆ ನನ್ನ ನಮಸ್ಕಾರ ತಿಳಿಸಿ.

ಕುಡ್ಲದ_ಬಂಗುಡೆ
ಮಾರಾಯ್ರೆ, ಇದೆಲ್ಲ ಇರ್ಲಿ. ಅಕ್ಟೋಬರ್ 15ರಿಂದ ಟಿವಿ ಹಾಕಿದ್ರೆ ಸಾಕು, ಮೆಡಿಕೇರ್ ಅಡ್ವಾಂಟೇಜ್ ಜಾಹೀರಾತು. ಹಲ್ಲು ಫ್ರೀ, ಕನ್ನಡಕ ಫ್ರೀ, ಜಿಮ್ ಫ್ರೀ, ಪ್ರೀಮಿಯಂ ಸೊನ್ನೆ. ಈಗ ಮೆಡಿಕೇರ್‌ನಲ್ಲಿರೋರ ಅರ್ಧಕ್ಕಿಂತ ಜಾಸ್ತಿ ಜನ ಅದರಲ್ಲೇ ಉಂಟು. ನಮ್ಮ ಮಾವನಿಗೂ ಒಬ್ಬ ಏಜೆಂಟ್ ಮನೆಗೆ ಬಂದು ಚಾ ಕುಡಿದು ಹಾಕಿಸಿ ಹೋದ. ಮೊದಲೆರಡು ವರ್ಷ ಚಂದ ಇತ್ತು. ಆಮೇಲೆ ಮಾವನ ಹಳೇ ಡಾಕ್ಟ್ರು ನೆಟ್‌ವರ್ಕ್‌ನಿಂದ ಹೊರಗೆ. ಎಂಆರ್‌ಐ ಬೇಕಂದ್ರೆ ಮೊದಲೇ ಕಂಪನಿ ಅಪ್ಪಣೆ ಬೇಕು. ಹಳೇ ಮೆಡಿಕೇರ್‌ಗೆ, ಅಂದ್ರೆ ಸರ್ಕಾರವೇ ನೇರ ನಡೆಸೋದಕ್ಕೆ, ವಾಪಸ್ ಹೋಗುವ ಅಂತ ನೋಡಿದ್ರೆ, ಹೋಗ್ಬಹುದು, ಆದ್ರೆ ಅದರಲ್ಲಿ ನಾವು ಕಟ್ಟಬೇಕಾದ ನೂರಕ್ಕೆ ಇಪ್ಪತ್ತು ತುಂಬಿಸೋ ಮೆಡಿಗ್ಯಾಪ್ ಪಾಲಿಸಿ ಕೊಡೋರಿಲ್ಲ. ಮಾವನಿಗೆ ಶುಗರ್ ಉಂಟಲ್ಲ!

ಲೆಕ್ಕದ_ಮೇಷ್ಟ್ರು
ಇದು ಎಲ್ಲರೂ ತಿಳ್ಕೊಳ್ಳಬೇಕಾದ್ದು. 65 ಆಗಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು ಮಾತ್ರ ಮೆಡಿಗ್ಯಾಪ್ ಕಂಪನಿ ಇಲ್ಲ ಅನ್ನೋ ಹಾಗಿಲ್ಲ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಆರೋಗ್ಯ ವಿಚಾರಿಸಿ ಇಲ್ಲ ಅನ್ನಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ನಾಲ್ಕೇ ರಾಜ್ಯಗಳಲ್ಲಿ ಆಮೇಲೂ ರಕ್ಷಣೆ. ಹಳೇ ಕಾಯಿಲೆ ನೋಡಿ ಬಾಗಿಲು ಹಾಕಬಾರದು ಅನ್ನೋ ಒಬಾಮಾಕೇರ್ ನಿಯಮ ಮೆಡಿಗ್ಯಾಪ್‌ಗೆ ಅನ್ವಯ ಆಗಲ್ಲ.

ಕುಡ್ಲದ_ಬಂಗುಡೆ
ಇದನ್ನು ಆ ಏಜೆಂಟ್ ಚಾ ಕುಡಿಯುವಾಗ ಹೇಳ್ಲಿಕ್ಕಿತ್ತು.

ಹ್ಯೂಸ್ಟನ್_ಗೌಡ
ನನ್ನ ತಂದೆ ಅಡ್ವಾಂಟೇಜ್‌ನಲ್ಲೇ ಇದಾರೆ, ಆರಾಮಾಗಿದಾರೆ. ವರ್ಷದ ಖರ್ಚಿಗೆ ಮಿತಿ ಇದೆ, ಹಳೇ ಮೆಡಿಕೇರ್‌ನಲ್ಲಿ ಮಿತಿಯೇ ಇಲ್ಲ. ಎಲ್ಲ ಖಾಸಗಿ ಅಂದ ಕೂಡಲೇ ಕೆಟ್ಟದ್ದಲ್ಲ.

ಕ್ಲಿನಿಕ್_ಡಾಕ್ಟ್ರು
ಅಪ್ಪಣೆ ಕಾಟ ಅಡ್ವಾಂಟೇಜ್‌ನಲ್ಲಿ ಮಾತ್ರ ಅಂದ್ಕೋಬೇಡಿ. 2026ರ ಜನವರಿಯಿಂದ ಹಳೇ ಮೆಡಿಕೇರ್‌ನಲ್ಲೂ ಕೆಲವು ಚಿಕಿತ್ಸೆಗಳಿಗೆ ಮುಂಚಿತ ಪರಿಶೀಲನೆ ಪ್ರಯೋಗ ಶುರು, ಹೆಸರು ವೈಸರ್. ಆರು ರಾಜ್ಯ: ನ್ಯೂಜೆರ್ಸಿ, ಒಹಾಯೋ, ಒಕ್ಲಹೋಮ, ಟೆಕ್ಸಾಸ್, ಅರಿಜೋನ, ವಾಷಿಂಗ್ಟನ್. ಕೃತಕ ಬುದ್ಧಿಮತ್ತೆ ಬಳಸೋ ಖಾಸಗಿ ಕಂಪನಿಗಳು ನೋಡ್ತಾವೆ, ತಪ್ಪಿಸಿದ ಖರ್ಚಿನಲ್ಲಿ ಅವಕ್ಕೆ ಪಾಲು. ದಂಡದ ಖರ್ಚು ಇದೆ, ಮೋಸವೂ ಇದೆ, ನಾನೇ ನೋಡಿದೀನಿ. ಆದ್ರೆ ಬೇಡ ಅಂದಷ್ಟೂ ದುಡ್ಡು ಬರೋ ಹಾಗಿದ್ರೆ ಯಾರು ಬೇಕು ಅಂತಾರೆ? ನನ್ನ ಫ್ರಂಟ್ ಡೆಸ್ಕ್‌ನಲ್ಲಿ ಒಬ್ಬಾಕೆಯ ಇಡೀ ಕೆಲಸವೇ ಫೋನ್ ಹಿಡಿದು ಹೋಲ್ಡ್ ಸಂಗೀತ ಕೇಳೋದು.

ಹ್ಯೂಸ್ಟನ್_ಗೌಡ
ಟೆಕ್ಸಾಸೂ ಇದೆಯಾ ಪಟ್ಟಿಯಲ್ಲಿ?

ಫಿಲ್ಟರ್_ಕಾಫಿ
ಇದೆ ಗೌಡ್ರೇ. ಖಾಸಗಿಯವರೇ ಬರ್ತಿದಾರೆ, ಆರಾಮಾಗಿರಿ 😄

ಮಲೆನಾಡ_ಮಳೆ
ಆಸ್ಪತ್ರೆ ವಿಷಯದಲ್ಲಿ ನಮಗೆ ಬಿದ್ದ ಪೆಟ್ಟು ಹೇಳ್ತೀನಿ, ಬೇರೆಯವರಿಗೆ ಬೀಳಬಾರದು.

ನಮ್ಮತ್ತೆ ತಲೆಸುತ್ತಿ ಬಿದ್ರು. ಊರಿನ ಆಸ್ಪತ್ರೆಗೆ ಹಾಕಿದ್ವಿ. ಹಾಸಿಗೆ, ಗೌನು, ಕೈಗೆ ಪಟ್ಟಿ, ಡ್ರಿಪ್, ರಾತ್ರಿ ಉಳಿದಿದ್ದು ಎಲ್ಲ ಇತ್ತು. ಅಲ್ಲಿಂದ ರಿಹ್ಯಾಬ್‌ಗೆ ಕಳಿಸಿದ್ರು. ಆಮೇಲೆ ರಿಹ್ಯಾಬ್ ಬಿಲ್ ಪೂರ್ತಿ ನಮ್ಮ ತಲೆಗೆ. ಯಾಕಂದ್ರೆ ಅತ್ತೆ ಅಡ್ಮಿಟ್ಟೇ ಆಗಿರಲಿಲ್ವಂತೆ, "ಅಬ್ಸರ್ವೇಷನ್"ನಲ್ಲಿದ್ರಂತೆ! ಅದು ಹೊರರೋಗಿ ಲೆಕ್ಕ. ಹಳೇ ಮೆಡಿಕೇರ್‌ನಲ್ಲಿ ಒಳರೋಗಿಯಾಗಿ ಮೂರು ದಿನ ಇದ್ರೆ ಮಾತ್ರ ಆಮೇಲಿನ ನರ್ಸಿಂಗ್ ಕೇಂದ್ರದ ಖರ್ಚು ಸಿಗೋದು, ಮೊದಲ 20 ದಿನ ಪೂರ್ತಿ, ನೂರನೇ ದಿನದ ತನಕ ಭಾಗಶಃ. ಅಬ್ಸರ್ವೇಷನ್‌ನಲ್ಲಿದೀರಿ ಅಂತ ಮೂನ್ ಅನ್ನೋ ನೋಟಿಸ್ ಕೊಡಲೇಬೇಕು ಅಂತ 2017ರಿಂದ ನಿಯಮ ಇದೆ. ಕೊಟ್ಟಿದ್ರು ಕೂಡ. ಎಮರ್ಜೆನ್ಸಿಯಲ್ಲಿ ಕೊಟ್ಟ ಕಾಗದಗಳ ಕಂತೆಯಲ್ಲಿ ನಮ್ಮ ಯಜಮಾನ್ರು ಸಹಿ ಹಾಕಿದ್ರಲ್ಲಿ ಅದೂ ಒಂದು.

ಹಿರಿಯರನ್ನ ಆಸ್ಪತ್ರೆಗೆ ಸೇರಿಸಿದ ಮೊದಲ ದಿನವೇ ಕೇಳಿ: ಇನ್‌ಪೇಷಂಟಾ, ಅಬ್ಸರ್ವೇಷನ್ನಾ?

ನರ್ಸಕ್ಕ
ನೂರಕ್ಕೆ ನೂರು ನಿಜ. ನಮಗೂ ಯಾವ ರೋಗಿ ಯಾವ ಲೆಕ್ಕದಲ್ಲಿ ಅಂತ ಸ್ಕ್ರೀನ್ ನೋಡಿದ್ರೇ ಗೊತ್ತಾಗೋದು, ಹಾಸಿಗೆ ನೋಡಿದ್ರೆ ಗೊತ್ತಾಗಲ್ಲ. ಇನ್ನೊಂದು, ಸ್ನಾನ ಮಾಡಿಸೋದು, ಊಟ ಮಾಡಿಸೋದು, ಮರೆವಿನ ಕಾಯಿಲೆಯವರನ್ನ ಕಾಯೋದು, ಈ ಥರ ವರ್ಷಗಟ್ಟಲೆ ಆರೈಕೆಗೆ ಮೆಡಿಕೇರ್ ದುಡ್ಡು ಕೊಡಲ್ಲ. ಅದಕ್ಕೆ ಕೊನೆಗೆ ಬಡವರಿಗಿರೋ ಸರ್ಕಾರಿ ವಿಮೆ ಮೆಡಿಕೇಡ್, ಅದೂ ಉಳಿತಾಯ ಎಲ್ಲ ಕರಗಿದ ಮೇಲೆ. ಮೆಡಿಕೇಡ್ ಕತ್ತರಿಸಿದ್ರೆ ಬಡವರಿಗೆ ಮಾತ್ರ ಅಂತ ಅಂಕಲ್ ಅಂದ್ಕೊಂಡಿದ್ರೆ, ಒಂದು ನರ್ಸಿಂಗ್ ಹೋಮ್‌ಗೆ ಕರ್ಕೊಂಡು ಹೋಗಿ ತೋರಿಸಿ.

ಸರಸ್ವತಿಪುರಂ_ರಿಟರ್ನ್
ವಾಪಸ್ ಬಂದು ಮೈಸೂರಲ್ಲಿ ಕೂತಿರೋನು ನಾನು. ಇಲ್ಲೇನು ಸ್ವರ್ಗ ಅಲ್ಲ. 70 ದಾಟಿದವರಿಗೆಲ್ಲ ವರಮಾನ ನೋಡದೆ ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ 5 ಲಕ್ಷ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಘೋಷಿಸಿದ್ರು. ಅಡ್ಮಿಟ್ ಆದ್ರೆ ಸರಿ, ದಿನದಿನದ ಬಿಪಿ ಮಾತ್ರೆಗೆ ಅದು ಬರಲ್ಲ. ಖಾಸಗಿ ಪಾಲಿಸಿ ಕೊಳ್ಳೋಕೆ ಇದ್ದ 65ರ ಮಿತಿಯನ್ನ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ತೆಗೀತು. 2025ರ ಸೆಪ್ಟೆಂಬರ್‌ನಿಂದ ಪ್ರೀಮಿಯಂ ಮೇಲಿನ ಜಿಎಸ್‌ಟಿಯೂ ಹೋಯ್ತು. ಆದ್ರೂ ನಮ್ಮ ವಯಸ್ಸಿಗೆ ಪ್ರೀಮಿಯಂ ಕೇಳಿದ್ರೆ ಬಿಪಿ ಇಲ್ದೋರಿಗೂ ಬರುತ್ತೆ.

ಔಷಧಿ ವಿಷಯದಲ್ಲಿ ಮಾತ್ರ ನಾವೇ ಪುಣ್ಯವಂತರು. ಶುಗರ್‌ಗೆ ಸಿಟಾಗ್ಲಿಪ್ಟಿನ್ ತಗೋತೀನಿ. 2022ರಲ್ಲಿ ಇಲ್ಲಿ ಪೇಟೆಂಟ್ ಮುಗೀತು, ಬೆಲೆ ಧೊಪ್ಪಂತ ಬಿತ್ತು.

ಲೆಕ್ಕದ_ಮೇಷ್ಟ್ರು
ಅದೇ ಮಾತ್ರೆ ಇಲ್ಲಿ ಜನುವಿಯಾ. 2023ರಲ್ಲಿ ತಿಂಗಳಿಗೆ ಪಟ್ಟಿ ಬೆಲೆ 527 ಡಾಲರ್ ಇತ್ತು! 2022ರ ಕಾನೂನಲ್ಲಿ ಕೊನೆಗೂ ಮೆಡಿಕೇರ್‌ಗೆ ಚೌಕಾಸಿ ಅಧಿಕಾರ ಸಿಕ್ತು. ಮೊದಲ ಹತ್ತು ಔಷಧಿಗಳಲ್ಲಿ ಇದೂ ಒಂದು, 2026ರ ಜನವರಿಯಿಂದ 113 ಡಾಲರ್. ಇನ್ಸುಲಿನ್ ತಿಂಗಳಿಗೆ 35 ಡಾಲರ್ ದಾಟಬಾರದು ಅಂತ 2023ರಲ್ಲೇ ಆಯ್ತು. ಪಾರ್ಟ್ ಡಿಯಲ್ಲಿ ವರ್ಷಕ್ಕೆ ಕೈಯಿಂದ ಕೊಡೋದಕ್ಕೂ ಮಿತಿ ಬಂತು, 2025ರಲ್ಲಿ 2,000, 2026ರಲ್ಲಿ 2,100 ಡಾಲರ್. ಸುಧಾರಣೆಯಿಂದ ಹಿರಿಯರಿಗೆ ಏನಾಯ್ತು ಅಂತ ಅಂಕಲ್ ಕೇಳಿದ್ರೆ ಔಷಧಿ ಅಂಗಡಿ ರಸೀದಿ ತೋರಿಸಿ. ಆ ಮಸೂದೆಗೆ ಒಬ್ಬ ರಿಪಬ್ಲಿಕನ್ನನೂ ಓಟು ಹಾಕಲಿಲ್ಲ.

ಹ್ಯೂಸ್ಟನ್_ಗೌಡ
ಚೌಕಾಸಿ ಜೋರಾದ್ರೆ ಹೊಸ ಔಷಧಿ ಕಂಡುಹಿಡಿಯೋರು ಯಾರು? ಭಾರತದ ಅಗ್ಗದ ಮಾತ್ರೆಗೂ ಮೊದಲು ಯಾರೋ ಸಂಶೋಧನೆಗೆ ದುಡ್ಡು ಸುರಿದಿರ್ತಾರೆ.

ಕ್ಲಿನಿಕ್_ಡಾಕ್ಟ್ರು
ಆ ಪ್ರಶ್ನೆ ಇದೆ. ಆದ್ರೆ ನನ್ನ ರೋಗಿಗಳು ಮಾತ್ರೆ ಅರ್ಧ ಮಾಡಿ ನುಂಗೋದನ್ನ ನೋಡಿದವನಿಗೆ ಅದು ಎರಡನೇ ಪ್ರಶ್ನೆ.

ಕುಡ್ಲದ_ಬಂಗುಡೆ
ಸೂಟ್‌ಕೇಸ್‌ನಲ್ಲಿ ಉಪ್ಪಿನಕಾಯಿ ಕೆಳಗೆ ಆರು ತಿಂಗಳ ಮಾತ್ರೆ ತರೋ ಅತ್ತೆಯಂದಿರ ಸಂಘ ಉಂಟಲ್ಲ, ಅದೇ ನಮ್ಮ ನಿಜವಾದ ಪಾರ್ಟ್ ಡಿ.

ವೇದಿಕೆ_ನಿರ್ವಾಹಕ
ಮಾತ್ರೆ ಸಾಗಿಸೋ ಸಲಹೆ ಇಲ್ಲಿ ಬೇಡ. ಪಕ್ಷಗಳನ್ನ ಬೈದ ಎರಡು ಪೋಸ್ಟ್ ತೆಗೆದಿದೀನಿ.

ಎಡಿಸನ್_ಕನ್ನಡಿಗ
ಇಷ್ಟೆಲ್ಲ ಬರುತ್ತೆ ಅಂದ್ಕೊಂಡಿರಲಿಲ್ಲ. ಗೌಡ್ರೇ, ಐ-864ಗೆ ಸಹಿ ಹಾಕಿದೀನಿ, ಪ್ರೀಮಿಯಂ ನಾನೇ ಕಟ್ತೀನಿ, ಅದಕ್ಕೆ ತಕರಾರಿಲ್ಲ. ಆದ್ರೆ 2014ಕ್ಕೆ ಮುಂಚೆ ಅಪ್ಪನಂಥವರಿಗೆ ದುಡ್ಡು ಕೊಟ್ರೂ ಸರಿಯಾದ ವಿಮೆ ಸಿಗ್ತಿರಲಿಲ್ಲ. ವಿಸಿಟರ್ ಪಾಲಿಸಿ ಸಿಗ್ತಿತ್ತು, ಅದರಲ್ಲಿ ಹಳೇ ಕಾಯಿಲೆಗೆ ಏನೂ ಇಲ್ಲ. ಆ ಬಾಗಿಲು ತೆರೆದಿದ್ದೇ ಅಂಕಲ್ ಬೈಯೋ ಕಾನೂನು.

ಈಗ ಉಪಯೋಗದ ಪ್ರಶ್ನೆ. ಐದು ವರ್ಷ ತುಂಬಿದ ಮೇಲೆ ಅಪ್ಪ-ಅಮ್ಮಂಗೆ ಮೆಡಿಕೇರ್ ಸಿಗುತ್ತಾ? 2025ರ ಜುಲೈನ ಕಾನೂನಲ್ಲಿ ವಲಸಿಗರಿಗೆ ತೆಗೆದ್ರು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ.

ಲೆಕ್ಕದ_ಮೇಷ್ಟ್ರು
ಗ್ರೀನ್ ಕಾರ್ಡ್ ಇದ್ದವರಿಗೆ ತೆಗೆದಿಲ್ಲ. ನಿರಾಶ್ರಿತರು, ಆಶ್ರಯ ಪಡೆದವರು, ಅಂಥವರಿಗೆ ಕತ್ತರಿ ಬಿದ್ದಿದೆ. ನಿಮ್ಮವರಿಗೆ 65 ಆಗಿರಬೇಕು, ಗ್ರೀನ್ ಕಾರ್ಡ್ ಮೇಲೆ ಸತತ ಐದು ವರ್ಷ ಇಲ್ಲಿ ವಾಸ ಆಗಿರಬೇಕು. ಕೆಲಸದ ಕ್ರೆಡಿಟ್ ಇಲ್ಲದ್ರಿಂದ ಪಾರ್ಟ್ ಎ ದುಡ್ಡು ಕೊಟ್ಟು ಕೊಳ್ಳಬೇಕು, 2026ರ ದರ ತಿಂಗಳಿಗೆ 565. ಪಾರ್ಟ್ ಬಿ 202.90 ಸೇರಿದ್ರೆ ಒಬ್ಬೊಬ್ಬರಿಗೆ 767.90. ಔಷಧಿ ಪ್ಲಾನ್ ಬೇರೆ.

ಧಾರವಾಡ_ಪೇಢಾ
ಅದ್ರಕಿಂತ ಮಾರ್ಕೆಟ್‌ಪ್ಲೇಸ್‌ದಾಗೇ ಇದ್ದುಬಿಡಾಕ ಬರಂಗಿಲ್ಲೇನ್ರೀ?

ಲೆಕ್ಕದ_ಮೇಷ್ಟ್ರು
ಬರುತ್ತೆ. ಪಾರ್ಟ್ ಎಗೆ ದುಡ್ಡು ಕೊಡಬೇಕಾದವರು ಮೆಡಿಕೇರ್‌ಗೆ ಸೇರದೇ ಮಾರ್ಕೆಟ್‌ಪ್ಲೇಸ್‌ನಲ್ಲಿ ಉಳೀಬಹುದು, ವರಮಾನ ಸರಿಹೊಂದಿದ್ರೆ ಸಬ್ಸಿಡಿಯೂ ಸಿಗುತ್ತೆ. ಆದ್ರೆ ಮುಂದೆ ಮನಸ್ಸು ಬದಲಾಗಿ ಪಾರ್ಟ್ ಬಿ ಬೇಕು ಅಂದ್ರೆ, ತಡ ಮಾಡಿದ ಪ್ರತಿ ಪೂರ್ತಿ ವರ್ಷಕ್ಕೆ ನೂರಕ್ಕೆ ಹತ್ತರಂತೆ ದಂಡ, ಜೀವಮಾನ ಪೂರ್ತಿ. ಇನ್ನೊಂದು, ತಂದೆ-ತಾಯಿ ಟ್ಯಾಕ್ಸ್ ಬೇರೆ ತುಂಬಿ ವರಮಾನ ಬಡತನ ರೇಖೆಗಿಂತ ಕೆಳಗೆ ತೋರಿಸೋರು ಹುಷಾರು. ಐದು ವರ್ಷ ತುಂಬದೆ ಮೆಡಿಕೇಡ್ ಸಿಗದ ಅಂಥವರಿಗೆ 2025ರ ತನಕ ಸಬ್ಸಿಡಿ ಕೊಡೋ ವಿಶೇಷ ನಿಯಮ ಇತ್ತು, 2026ರಿಂದ ಅದು ಇಲ್ಲ.

ಹ್ಯೂಸ್ಟನ್_ಗೌಡ
ಮೇಷ್ಟ್ರೇ, ವಾದ ಪಕ್ಕಕ್ಕಿಡಿ. ಅತ್ತೆ-ಮಾವನ ಗ್ರೀನ್ ಕಾರ್ಡ್ ಬರೋ ವರ್ಷ ಬರ್ತಿದೆ. ಅವರು ಆರು ತಿಂಗಳು ಹಾಸನ, ಆರು ತಿಂಗಳು ಇಲ್ಲಿ ಅಂತಾರೆ. ಐದು ವರ್ಷದ ಲೆಕ್ಕ ಕೆಡುತ್ತಾ?

ಲೆಕ್ಕದ_ಮೇಷ್ಟ್ರು
ಉದ್ದ ಉದ್ದ ಹೊರಗಿದ್ರೆ ಕೆಡಬಹುದು, ಗ್ರೀನ್ ಕಾರ್ಡಿಗೇ ಪೆಟ್ಟಾಗಬಹುದು. ವಕೀಲರ ಹತ್ರ ಕೇಳಿ. ವಿಮೆ ಬಗ್ಗೆ ಆದ್ರೆ ಪ್ರತಿ ರಾಜ್ಯದಲ್ಲೂ ಶಿಪ್ ಅನ್ನೋ ಸಲಹಾ ಕೇಂದ್ರ ಇದೆ, ಪುಕ್ಕಟೆ, ಯಾವ ಕಂಪನಿಯ ಕಮಿಷನ್ನೂ ಇಲ್ಲ.

ಎಚ್‌ಒನ್_ಹುಡುಗ
ಗೌಡ್ರೇ, ಆ ಶಿಪ್‌ಗೂ ಸರ್ಕಾರದ್ದೇ ದುಡ್ಡು. ಹೋಗ್ತೀರಾ?

ಹ್ಯೂಸ್ಟನ್_ಗೌಡ
ನನ್ನ ಟ್ಯಾಕ್ಸ್ ದುಡ್ಡು ಕಣಯ್ಯಾ. ಹೋಗೇ ಹೋಗ್ತೀನಿ.

ಕುಡ್ಲದ_ಬಂಗುಡೆ
ಮೆಡಿಕೇರ್ ಪ್ಲಾನ್ ಬದಲಿಸೋರು ಡಿಸೆಂಬರ್ 7ರೊಳಗೆ ಮುಗಿಸಿ. ಏಜೆಂಟ್ ಬಂದ್ರೆ ಚಾ ಕೊಡಿ, ಸಹಿ ಕೊಡ್ಬೇಡಿ.